ಹೀಟ್ ಪ್ರೊಟೆಕ್ಷನ್ ಅಂತ 350 ರೂಪಾಯಿಗೆ ನೀರು ಹೊಡೆಸಿಕೊಂಡೆ

ಉಡುಪಿ, ಮಣಿಪಾಲ ಕಡೆ ಮದುವೆ ಸೀಸನ್ನಿಗೆ ಪಾರ್ಲರಿಗೆ ಹೋಗುವವರು ಇದನ್ನೊಮ್ಮೆ ಓದಿ. ಪಾರ್ಲರ್ ಹೆಸರು ಹಾಕುವುದಿಲ್ಲ, ಕೇಳಬೇಡಿ.

ಚಿಕ್ಕಮ್ಮನ ಮಗಳ ಮೆಹಂದಿಗೆ ಅಂತ ಕೂದಲು ಐರನ್ ಮಾಡಿಸ್ಲಿಕ್ಕೆ ಹೋದದ್ದು. ಮನೆಯಲ್ಲೇ ತಲೆ ತೊಳೆದು, ಫ್ಯಾನಿನಡಿ ಕೂತು ಪೂರ್ತಿ ಒಣಗಿಸಿಯೇ ಹೋಗಿದ್ದೆ. "ಹೀಟ್ ಪ್ರೊಟೆಕ್ಟರ್ ಹಾಕುವುದಾ ಅಕ್ಕ? 350 ಎಕ್ಸ್‌ಟ್ರಾ" ಅಂದಳು ಹುಡುಗಿ. ಕೂದಲು ಕರಟಿಸಿಕೊಳ್ಳುವುದಕ್ಕಿಂತ ವಾಸಿ ಅಂತ ಹಾಕು ಅಂದೆ. ಲೇಬಲ್ಲೇ ಇಲ್ಲದ ನೀಲಿ ಬಾಟಲಿ ತಂದು ಪುಸ್ ಪುಸ್ ಅಂತ ಹೊಡೆದಳು. ವಾಸನೆಯೂ ಇಲ್ಲ, ಜಿಡ್ಡೂ ಇಲ್ಲ. ದುಬಾರಿಯದ್ದು ಹೀಗೇ ಇರ್ತದೆ ಅಂದುಕೊಂಡೆ. ನನ್ನ ಬುದ್ಧಿಗೆ ಎಂಥ ಹೇಳುವುದು!

ಒಣಗಿಸಲೇ ಇಲ್ಲ, ಒದ್ದೆ ಇರುವಾಗಲೇ ಐರನ್ ಇಟ್ಟಳು. ಅದರಲ್ಲಿ 230 ಅಂತ ಕಾಣ್ತಿತ್ತು. ಕಾವಲಿಗೆ ನೀರುದೋಸೆ ಹೊಯ್ದ ಹಾಗೆ ಚೊಂಯ್ ಅಂತ ಶಬ್ದ, ಮೇಲಿಂದ ಹೊಗೆ. ಇದೆಂಥದು ಅಂತ ಕೇಳಿದ್ರೆ "ಪ್ರೊಟೆಕ್ಟರ್ ಕೆಲಸ ಮಾಡ್ತಾ ಉಂಟು ಅಕ್ಕ." ಕೆಲಸ ಮಾಡ್ತಾ ಉಂಟಂತೆ!

ಬಿಲ್ಲು ಕೊಟ್ಟೆ. ಮೇಲಿಂದ ಐವತ್ತು ರೂಪಾಯಿ ಟಿಪ್ಸ್ ಬೇರೆ. ಚಪ್ಪಲಿ ಹಾಕ್ತಾ ತಿರುಗಿ ನೋಡ್ತೇನೆ, ಕಟಿಂಗಿಗೆ ಕೂತ ಇನ್ನೊಬ್ಬರ ತಲೆ ಒದ್ದೆ ಮಾಡ್ಲಿಕ್ಕೆ ಅದೇ ನೀಲಿ ಬಾಟಲಿ. ಖಾಲಿಯಾದಾಗ ಸಿಂಕಿನ ನಲ್ಲಿಯಲ್ಲಿ ತುಂಬಿಸಿದ್ದನ್ನೂ ನೋಡಿದೆ. ನಲ್ಲಿ ನೀರಿಗೆ 350! ಅಲ್ಲೇ ಜೋರು ಮಾಡ್ಬೇಕಿತ್ತು. ನಾಚಿಕೆಯಾಗಿ ಬಾಯಿ ಮುಚ್ಚಿ ಬಂದೆ.

ದುಡ್ಡು ಹೋದ್ರೆ ಹೋಗ್ಲಿ, ಆ ನೀರು ಹೊಡೆಯದಿದ್ದಿದ್ರೆ ಇಷ್ಟು ಹಾಳಾಗ್ತಿರ್ಲಿಲ್ಲ. ಒದ್ದೆ ಕೂದಲಿಗೆ ಅಷ್ಟು ಬಿಸಿ ತಾಗಿದ್ರೆ ಒಳಗಿನ ನೀರು ಕುದಿದು ಎಳೆಯೊಳಗೇ ಗುಳ್ಳೆ ಏಳ್ತದೆ, ಆಮೇಲೆ ಅಲ್ಲೇ ತುಂಡಾಗ್ತದೆ. ನಿಜವಾದ ಪ್ರೊಟೆಕ್ಟರಿನಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರ್ತದೆ, ತೆಳು ಪದರದ ಹಾಗೆ ಕೂತು ಬಿಸಿ ನಿಧಾನಕ್ಕೆ ಇಳಿಯುವ ಹಾಗೆ ಮಾಡ್ತದೆ. 230 ಡಿಗ್ರಿಗೆ ಅದೂ ಪೂರ್ತಿ ಕಾಯುವುದಿಲ್ಲ ಬಿಡಿ. ನನ್ನ ತೆಳು ಕೂದಲಿಗೆ 150ರ ಆಸುಪಾಸು ಸಾಕಿತ್ತು.

ಮೂರನೇ ದಿನ ಬಾಚಿದ್ರೆ ಬಾಚಣಿಗೆ ತುಂಬ ತುಂಡು ತುಂಡು ಕೂದಲು. ಫೋನ್ ಮಾಡಿದೆ. "ನಿಮ್ಮದು ಬಾವಿ ನೀರಾ ಅಕ್ಕ? ಅದರಿಂದ ಇರ್ಬೇಕು." ಹುಟ್ಟಿದಾಗಿನಿಂದ ಅದೇ ಬಾವಿ ನೀರು ಮಾರಾಯ್ರೆ, ಮೊನ್ನೆ ತನಕ ಏನೂ ಆಗಿರ್ಲಿಲ್ಲ! ಬಾಟಲಿ ವಿಷಯ ತೆಗೆದ್ರೆ "ನೀವು ಬೇರೆ ಬಾಟಲಿ ನೋಡಿದ್ದು." ಓನರ್ ಹತ್ರ ಕೊಡಿ ಅಂದೆ. ಅವರದ್ದು ಇನ್ನೂ ಚಂದ: "ಕೆರಾಟಿನ್ ಮಾಡಿಸಿ ಮೇಡಂ, ನಿಮಗೆ 20 ಪರ್ಸೆಂಟ್ ಕಡಿಮೆ ಮಾಡುವ." ಕೆರಾಟಿನ್ ಅಂದ್ರೆ ಕೂದಲು ನಯ ಆಗ್ಲಿಕ್ಕೆ ಕ್ರೀಮ್ ಹಚ್ಚಿ ಮತ್ತೆ ಐರನ್ ಇಡುವುದು. ಸುಟ್ಟವರ ಕೈಗೇ ಇನ್ನೊಮ್ಮೆ ತಲೆ ಕೊಡ್ಬೇಕಂತೆ! ಸುಟ್ಟ ಕೂದಲು ಮೊದಲಿನ ಹಾಗೆ ಆಗುವುದಿಲ್ಲ, ಕತ್ತರಿಸುವುದೇ. ನಾಲ್ಕು ಇಂಚು ಹೋಯ್ತು. ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರ್ ಚಿಲ್ಲರೆ, ಲೆಕ್ಕ ಹಾಕಿ.

ನೀವು ಹೋದ್ರೆ ಬಾಟಲಿ ಕೈಗೆ ತೆಗೆದುಕೊಂಡು ಲೇಬಲ್ ಓದಿ. ಲೇಬಲ್ ಇಲ್ಲದಿದ್ರೆ ಬೇಡ ಅನ್ನಿ. ಸ್ಪ್ರೇ ಒಣಗಿದ ಮೇಲೆಯೇ ಐರನ್, ಡಿಗ್ರಿ ಎಷ್ಟು ಅಂತ ಕೇಳಿ. ಚೊಂಯ್ ಅಂದ್ರೆ ಎದ್ದು ಬನ್ನಿ, ಅರ್ಧ ತಲೆ ಗುಂಗುರು ಇದ್ರೂ ಪರವಾಗಿಲ್ಲ. ಟಿಪ್ಸ್ ಅಂತೂ ಕೊಡಬೇಡಿ.

350 ವಾಪಸ್ ಕೇಳಿ ವಾಟ್ಸಾಪ್ ಮಾಡಿದ್ದೇನೆ. ಎರಡು ನೀಲಿ ಗೆರೆ ಬಿದ್ದು ಒಂಬತ್ತು ದಿನ ಆಯ್ತು.