ನೀರಿನ ಸ್ಪಿಂಡಲ್, ಗಾಳಿಯ ಸ್ಪಿಂಡಲ್: ಎರಡನ್ನೂ ಓಡಿಸಿದ ಮೇಲೆ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರುವ ನನ್ನ ಶೆಡ್‌ನಲ್ಲಿ ಎರಡು ಸಿಎನ್‌ಸಿ ರೂಟರ್‌ಗಳಿವೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮಷಿನ್‌ಗಳು. ಒಂದರ ಸ್ಪಿಂಡಲ್, ಅಂದರೆ ಕೆತ್ತುವ ಬಿಟ್ ತಿರುಗಿಸುವ ಮೋಟಾರ್, ತಣ್ಣಗಾಗುವುದು ನೀರಿನಿಂದ, ಇನ್ನೊಂದರದ್ದು ಗಾಳಿಯಿಂದ. ನೀರಿನದು 2.2 ಕಿಲೋವ್ಯಾಟ್, 80 ಮಿಲಿಮೀಟರ್ ದುಂಡು ಮೈ, 400 ಹರ್ಟ್ಸ್‌ಗೆ ನಿಮಿಷಕ್ಕೆ 24000 ಸುತ್ತು. ಗಾಳಿಯದು 3.5 ಕಿಲೋವ್ಯಾಟ್, ಚೌಕ ಮೈ, 300 ಹರ್ಟ್ಸ್‌ಗೆ 18000 ಸುತ್ತು. ಹೊಸ ಮಷಿನ್ ತಗೊಳ್ಳುವವರು ಬಂದರೆ ಮೊದಲು ಈ ಕಿಲೋವ್ಯಾಟ್ ಲೆಕ್ಕವನ್ನೇ ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು, ದಿನಾ ಆ ಮೋಟಾರನ್ನು ನೋಡಿಕೊಳ್ಳುವವರು ಯಾರು ಅನ್ನೋದು.

ಶಬ್ದದ ವಿಷಯದಲ್ಲಿ ಮಾತೇ ಬೇಡ, ನೀರಿನದೇ ಗೆದ್ದಿತು. ಅದು ಓಡುವಾಗ ಪಕ್ಕದಲ್ಲಿ ನಿಂತು ಫೋನಿನಲ್ಲಿ ಮಾತಾಡಬಹುದು. ಗಾಳಿಯದರ ಫ್ಯಾನ್ ಶಬ್ದ ಸಂಜೆ ಮನೆಗೆ ಹೋದ ಮೇಲೂ ಕಿವಿಯಲ್ಲಿ ಇರುತ್ತದೆ.

ಆದರೆ ನೀರಿನದಕ್ಕೆ ಆರೈಕೆ ಜಾಸ್ತಿ. ಮೊದಲ ವರ್ಷ ಬಕೆಟ್‌ಗೆ ಬೋರ್‌ವೆಲ್ ನೀರು ತುಂಬಿ, ಸಣ್ಣ ಪಂಪ್ ಮುಳುಗಿಸಿ ಓಡಿಸಿದೆ. ಎರಡೇ ತಿಂಗಳಿಗೆ ಬಿಳಿ ಪೈಪಿನೊಳಗೆ ಹಸಿರು ಪಾಚಿ. ಕನೆಕ್ಟರ್ ಬಿಚ್ಚಿದರೆ ತೂತಿನ ಅಂಚಿಗೆಲ್ಲ ಸುಣ್ಣ ಕಟ್ಟಿತ್ತು. ನೀರಿನ ದಾರಿ ಮೊದಲೇ ಕಿರಿದು, ಅದರಲ್ಲೂ ಸುಣ್ಣ ಕೂತರೆ ಮೋಟಾರ್ ತಣ್ಣಗಾಗೋದು ಹೇಗೆ? ಈಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಕಾರಿನ ಕೂಲೆಂಟ್ ಬೆರೆಸುತ್ತೇನೆ. ಬಕೆಟ್‌ಗೆ ಮುಚ್ಚಳ ಹಾಕಿದ್ದೇನೆ, ಇಲ್ಲದಿದ್ದರೆ ಮರದ ಹೊಟ್ಟು ಬಿದ್ದು ಪಂಪ್ ಕಟ್ಟಿಕೊಳ್ಳುತ್ತದೆ. ವಾಪಸ್ ಬರುವ ಪೈಪಿನ ತುದಿಯನ್ನು ನೀರಿನಲ್ಲಿ ಮುಳುಗಿಸದೆ ನಾಲ್ಕು ಬೆರಳು ಮೇಲೆ ಕಟ್ಟಿದ್ದೇನೆ. ನೀರು ಜುಳುಜುಳು ಬೀಳುವ ಸದ್ದು ಕೇಳುತ್ತಿದ್ದರೆ ಎಲ್ಲ ಸರಿಯಾಗಿದೆ ಅಂತ ಅರ್ಥ.

ಆ ಸದ್ದು ಒಂದು ದಿನ ನಿಂತಿತ್ತು. ಮಳೆಗಾಲ, ಹಲಸಿನ ಬಾಗಿಲಿಗೆ ಬಳ್ಳಿಯ ಕೆತ್ತನೆ ನಡೆದಿತ್ತು. ಕರೆಂಟ್ ಹೋಗಿ ಬಂತು. ನಾನು ಪ್ರೋಗ್ರಾಂ ಮತ್ತೆ ಶುರು ಮಾಡಿದೆ. ಪಂಪ್ ಇದ್ದ ಬೋರ್ಡಿನ ಎಂಸಿಬಿ (ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಬಿದ್ದಿದ್ದನ್ನು ನೋಡಲೇ ಇಲ್ಲ. ಹೊರಗಿನ ಮಳೆ ಸದ್ದಿನಲ್ಲಿ ಬಕೆಟ್ ಸುಮ್ಮನಾಗಿದ್ದೂ ತಿಳಿಯಲಿಲ್ಲ. ಸುಟ್ಟ ವಾಸನೆ ಬಂದು ಓಡಿ ಹೋಗಿ ಮುಟ್ಟಿದರೆ, ಮೈ ಮೇಲೆ ಕೈ ಇಡೋಕೇ ಆಗಲಿಲ್ಲ. ವೈಂಡಿಂಗ್ ಹೇಗೋ ಉಳಿಯಿತು, ಬೇರಿಂಗಿನ ಗ್ರೀಸ್ ಉಳಿಯಲಿಲ್ಲ. ಹದಿನೈದು ದಿನಕ್ಕೆ ಕುಯ್ ಅಂತ ಸಣ್ಣ ಕೂಗು ಶುರುವಾಯಿತು, ಕೆತ್ತನೆಯ ಮೇಲೆ ನವಿರಾದ ಅಲೆಗಳು ಬಿದ್ದವು. ಬೇರಿಂಗ್ ಬದಲಾಯಿಸಬೇಕಾಯಿತು. ಅದರ ಮರುದಿನವೇ ನೀರಿನ ಹರಿವು ನೋಡುವ ಒಂದು ಫ್ಲೋ ಸ್ವಿಚ್ ತಂದು, ಸ್ಪಿಂಡಲ್ ವೇಗ ನಿಯಂತ್ರಿಸುವ ಡ್ರೈವ್‌ಗೆ ಜೋಡಿಸಿದೆ. ನೀರು ಹರಿಯದಿದ್ದರೆ ಈಗ ಸ್ಪಿಂಡಲ್ ತಿರುಗುವುದೇ ಇಲ್ಲ. ನೀರಿನ ಸ್ಪಿಂಡಲ್ ಇರುವವರು ದಯವಿಟ್ಟು ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಮಲೆನಾಡು, ಕರಾವಳಿಯವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಕಂಪ್ರೆಸರ್ ಇರುವ ಚಿಲ್ಲರ್ ಹಾಕಿ ನೀರನ್ನು ತೀರಾ ತಣ್ಣಗೆ ಇಟ್ಟರೆ, ತೇವದ ಗಾಳಿಗೆ ಸ್ಪಿಂಡಲ್ ಮೈ ಬೆವರುತ್ತದೆ. ಹೊರಗೆ ಬೆವರಿದ್ದು ಒಳಗೂ ಬೆವರಬಹುದು, ಅಲ್ವಾ? ನನ್ನ ಬಕೆಟ್ ನೀರನ್ನು ತಣಿಸುವುದು ರೇಡಿಯೇಟರ್ ಮತ್ತು ಫ್ಯಾನ್ ಇರುವ ಡಬ್ಬಿ ಅಷ್ಟೇ. ಅದು ಕೋಣೆಯ ಬಿಸಿಗಿಂತ ಕೆಳಗೆ ಇಳಿಸುವುದಿಲ್ಲ, ನಮ್ಮ ಮಳೆಗೆ ಅದೇ ಒಳ್ಳೆಯದಾಯಿತು.

ಗಾಳಿಯದಕ್ಕೆ ಈ ಬಕೆಟ್, ಪೈಪ್, ಪಂಪ್ ಯಾವ ತಲೆಬಿಸಿಯೂ ಇಲ್ಲ. ಅದಕ್ಕಿರುವ ಒಂದೇ ಶತ್ರು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಧೂಳು. ಗೋಧಿ ಹಿಟ್ಟಿನಷ್ಟು ನುಣ್ಣಗಿನ ಆ ಧೂಳು ಮೈಯ ಗಾಳಿ ಸಂದಿಗಳಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಫ್ಯಾನ್ ಮುಚ್ಚಳ ತೆಗೆದು ಬ್ರಶ್, ವ್ಯಾಕ್ಯೂಮ್ ಎರಡೂ ಹಾಕುತ್ತೇನೆ. ಕಂಪ್ರೆಸರ್ ಗಾಳಿಯನ್ನು ಕೆಳಗಿನ ಮೂತಿಗೆ ಹೊಡೆಯುವುದೇ ಇಲ್ಲ, ಹೊಡೆದರೆ ಧೂಳು ನೇರ ಬೇರಿಂಗಿಗೇ ಹೋಗುತ್ತದೆ. ಫ್ಯಾನಿನ ಗಾಳಿ ಕೆಳಗೆ ಬೀಸಿ ಹೊಟ್ಟನ್ನು ಚೆಲ್ಲಾಡುವುದೂ ಒಂದು ಕಿರಿಕಿರಿ. ಧೂಳು ಹೀರುವ ಪೈಪನ್ನು ಬಿಟ್‌ಗೆ ಇನ್ನೂ ಹತ್ತಿರ ತರಬೇಕಾಯಿತು.

ಬೆಳಗಿನ ಕೆಲಸ ಎರಡಕ್ಕೂ ಒಂದೇ. 6000 ಸುತ್ತಿನಲ್ಲಿ ಕೆಲವು ನಿಮಿಷ, ಆಮೇಲೆ 12000, ಆಮೇಲೆ ಪೂರ್ತಿ ವೇಗ. ಗ್ರೀಸ್ ಬೆಚ್ಚಗಾಗಿ ಹರಡಲಿ ಅಂತ. ಬಿಟ್ ಹಿಡಿಯುವ ಕಾಲೆಟ್ ಬಿಚ್ಚಿ ಹಿತ್ತಾಳೆ ಬ್ರಶ್‌ನಲ್ಲಿ ಉಜ್ಜಬೇಕು. ಸಾಗುವಾನಿಯ ಜಿಡ್ಡು ಒಂದು ಚೂರು ಉಳಿದರೂ ಬಿಟ್ ಓಲಾಡುತ್ತದೆ, ಆ ಏಟು ಕೊನೆಗೆ ತಗಲುವುದು ಬೇರಿಂಗಿಗೆ.

ನನ್ನ ಆಯ್ಕೆ ಹೇಳಬೇಕು ಅಂದರೆ, ಒಂಬತ್ತು ಗಂಟೆ ಎಡೆಬಿಡದೆ ಓಡುವ ಬಾಗಿಲ ಕೆತ್ತನೆಗೆ ಇವತ್ತಿಗೂ ನೀರಿನದನ್ನೇ ಹಾಕುತ್ತೇನೆ, ಆದರೆ ನಾನು ಶೆಡ್‌ನಲ್ಲಿ ಇರುವ ದಿನ ಮಾತ್ರ. ಹುಡುಗರ ಕೈಗೆ ಬಿಟ್ಟು ಊರಿಗೆ ಹೋಗುವ ದಿನ ಗಾಳಿಯದು. ಹೊಸದಾಗಿ ಒಂದೇ ಮಷಿನ್ ತಗೊಳ್ಳುವವರಿಗೂ ಗಾಳಿಯದನ್ನೇ ಹೇಳುತ್ತೇನೆ. ತಗೊಳ್ಳುವ ಮುಂಚೆ ಒಂದು ಕೇಳಿ: ಫ್ಯಾನ್ ಮೋಟಾರಿನ ಶಾಫ್ಟ್‌ಗೇ ಕೂತಿದೆಯೋ, ಬೇರೆ ಕರೆಂಟಿನಲ್ಲಿ ತಿರುಗುತ್ತದೆಯೋ? ಶಾಫ್ಟ್‌ಗೆ ಕೂತಿದ್ದರೆ ವೇಗ ಇಳಿಸಿದಾಗ ಗಾಳಿಯೂ ಇಳಿಯುತ್ತದೆ. ದೊಡ್ಡ ಬಿಟ್ ಹಾಕಿ 8000ದಲ್ಲಿ ಓಡಿಸುವ ಕೆಲಸ ನಿಮಗಿದ್ದರೆ ಬೇರೆ ಫ್ಯಾನ್ ಇರುವುದನ್ನೇ ಹುಡುಕಿ.