ರಿಮ್ ಮೊದಲು ಕೊಂಡು ಟೈರು ಆಮೇಲೆ ಹುಡುಕಬೇಡಿ: ಹತ್ತೂವರೆ ಇಂಚು ಅಗಲದ ರಿಮ್ ಹಾಕಿದ ಒಂದು ಕಾರಿನ ಕಥೆ

ಮೊದಲು ಹಾಳಾದ ಟೈರನ್ನೇ ನೋಡಿ. ಮುಂದಿನ ಎಡಗಡೆಯದು, 245/40 ಆರ್18: ಅಗಲ 245 ಮಿಮೀ, ಪಕ್ಕದ ಗೋಡೆಯ (ಸೈಡ್‌ವಾಲ್) ಎತ್ತರ ಆ ಅಗಲದ ಶೇಕಡಾ 40, ರಿಮ್ ವ್ಯಾಸ 18 ಇಂಚು. ಹೊರಮಗ್ಗುಲಿನ ಬೀಡ್ (ರಿಮ್‌ಗೆ ಕಚ್ಚಿ ಕೂರುವ ಟೈರಿನ ಅಂಚು) ತನ್ನ ಜಾಗ ಬಿಟ್ಟು ರಿಮ್ ನಡುವಿನ ತಗ್ಗಿಗೆ ಇಳಿದುಬಿಟ್ಟಿದೆ. ಬಿಚ್ಚಿದರೆ ಒಳಗೆ ಪೆನ್ಸಿಲ್ ಸೀಸ ಅರೆದ ಹಾಗೆ ನುಣ್ಣನೆಯ ರಬ್ಬರ್ ಪುಡಿ. ರಿಮ್‌ನ ಹೊರ ಅಂಚು ರಸ್ತೆಗೆ ಉಜ್ಜಿ ಅಲ್ಲಲ್ಲಿ ಚಪ್ಪಟೆಯಾಗಿದೆ. ಅದೇ ಕಾರಿನ ಹಿಂದಿನ ಬಲಗಡೆ 285/35 ಆರ್18 ಇದೆ. ಅದರ ಹೊರಭುಜದ ಸುತ್ತ ಬ್ಲೇಡಿನಿಂದ ಗೀರಿದಂಥ ಒಂದೇ ಗೆರೆ, ಎರಡು ಕಡೆ ಒಳಗಿನ ದಾರ ಇಣುಕುತ್ತಿದೆ. ಎರಡೂ ಟೈರಿನಲ್ಲಿ ಟ್ರೆಡ್ (ರಸ್ತೆಗೆ ತಾಗುವ ಪದರ) ಮಾತ್ರ ಬೇಕಾದಷ್ಟು ಉಳಿದಿದೆ. ಸವೆದು ಹೋದದ್ದಲ್ಲ, ತಪ್ಪು ಅಳತೆಯಿಂದ ಹೋದದ್ದು.

ಆ ಕಾರಿಗೆ ಕಂಪನಿಯಿಂದ ಬಂದದ್ದು 18 ಇಂಚಿನ 8.5ಜೆ (ಅಂದರೆ 8.5 ಇಂಚು ಅಗಲದ) ರಿಮ್, ಆಫ್‌ಸೆಟ್ ಇಟಿ 35 (ರಿಮ್‌ನ ನಡುಗೆರೆಯಿಂದ ಬೋಲ್ಟ್ ಆಗುವ ಮುಖ 35 ಮಿಮೀ ಹೊರಗೆ), ನಾಲ್ಕಕ್ಕೂ 245/40 ಆರ್18. ಮಾಲೀಕರು ಚೆಂದ ಕಂಡ 10.5ಜೆ, ಇಟಿ 22 ರಿಮ್‌ಗಳನ್ನು ತಂದರು. ‘ಹದಿನೆಂಟಕ್ಕೆ ಹದಿನೆಂಟು, ಕೂರುತ್ತೆ ಬಿಡಿ’ ಎಂಬ ಮಾತು ನಂಬಿ ಮುಂದಕ್ಕೆ ಇದ್ದ ಟೈರನ್ನೇ ಎಳೆದು ಕೂರಿಸಿದರು, ಹಿಂದಕ್ಕೆ ಮಾತ್ರ ಹೊಸ 285 ಹಾಕಿಸಿದರು. ಕೂತದ್ದು ನಿಜ. ಗಾಳಿಯೂ ನಿಂತಿತು. ಆದರೆ ಗಾಳಿ ನಿಂತ ಮಾತ್ರಕ್ಕೆ ಆ ಟೈರು ಆ ರಿಮ್‌ಗೆ ಸರಿ ಎಂದಾಗುವುದಿಲ್ಲ.

245 ಎಂಬ ಅಂಕಿ ಎಲ್ಲ ರಿಮ್ ಮೇಲೂ 245 ಅಲ್ಲ. ಟೈರಿನ ಅಗಲವನ್ನು ಒಂದು ನಿಗದಿತ ಅಗಲದ ರಿಮ್ ಮೇಲೆ ಕೂರಿಸಿ ಅಳೆಯುತ್ತಾರೆ. 245/40 ಆರ್18ಕ್ಕೆ ಆ ಅಳತೆ ರಿಮ್ 8.5 ಇಂಚು, ಹಾಕಬಹುದಾದ ಮಿತಿ 8ರಿಂದ 9.5. ರಿಮ್ ಅರ್ಧ ಇಂಚು ಅಗಲವಾದರೆ ಟೈರು ಸುಮಾರು 5 ಮಿಮೀ ಹಿಗ್ಗುತ್ತದೆ. ಹಾಗಾಗಿ 10.5ರ ಮೇಲೆ ಈ ಟೈರು ಹೆಚ್ಚೆಂದರೆ 265 ಮಿಮೀ ಆದೀತು. ಇನ್ನು ರಿಮ್? 10.5 ಇಂಚು ಎಂಬುದು ಎರಡು ಬೀಡ್‌ಗಳು ಕೂರುವ ಜಾಗದ ನಡುವಿನ ಅಳತೆ, ಅಂದರೆ 267 ಮಿಮೀ. ಹೊರ ಅಂಚಿನಿಂದ ಹೊರ ಅಂಚಿಗೆ ಇನ್ನೂ ಒಂದು ಇಂಚಿನಷ್ಟು ಸೇರಿಸಿ, 290ರ ಹತ್ತಿರ ಬರುತ್ತದೆ. ಟೈರಿಗಿಂತ ರಿಮ್ಮೇ ಎರಡೂ ಕಡೆ ಹನ್ನೆರಡು ಮಿಲಿಮೀಟರ್‌ನಷ್ಟು ಹೊರಗೆ! ಗುಂಡಿಗೆ ಬಿದ್ದಾಗಲೂ ಫುಟ್‌ಪಾತ್ ಕಲ್ಲಿಗೆ ತಾಗಿದಾಗಲೂ ಮೊದಲ ಏಟು ಅಲಾಯ್‌ಗೇ.

ಬೀಡ್ ಕಿತ್ತು ಬಂದ ಬಗೆಯೂ ಇದರಲ್ಲೇ ಇದೆ. ಸೈಡ್‌ವಾಲ್ ನೆಟ್ಟಗೆ ನಿಂತಿದ್ದರೆ ಗಾಳಿಯ ಒತ್ತಡ ಬೀಡ್ ಅನ್ನು ರಿಮ್ ಅಂಚಿಗೆ ಒತ್ತಿ ಹಿಡಿಯುತ್ತದೆ. ಎಳೆದು ಕೂರಿಸಿದ ಟೈರಿನಲ್ಲಿ ಸೈಡ್‌ವಾಲ್ ಒಳಕ್ಕೆ ವಾಲಿರುತ್ತದೆ, ಸದಾ ಬೀಡ್ ಅನ್ನು ನಡುವಿನ ಕಡೆಗೆ ಜಗ್ಗುತ್ತಿರುತ್ತದೆ. ಬಲಕ್ಕೆ ಬಿಗಿಯಾಗಿ ತಿರುಗುವಾಗ ಭಾರವೆಲ್ಲ ಮುಂದಿನ ಎಡ ಚಕ್ರದ ಮೇಲೆ. ರಸ್ತೆ ಟ್ರೆಡ್ ಅನ್ನು ಕಾರಿನ ಒಳಮಗ್ಗುಲಿಗೆ ತಳ್ಳುತ್ತದೆ, ಹೊರಗಿನ ಬೀಡ್ ಅದರ ಹಿಂದೆಯೇ ಜಾರುತ್ತದೆ. ನಿಧಾನವಾಗಿ ಗಾಳಿ ಇಳಿದು 20 ಪಿಎಸ್‌ಐ ಸುತ್ತಮುತ್ತ ಇದ್ದರೆ ಮುಗಿಯಿತು. ಉಳಿದ ಗಾಳಿ ಒಂದೇ ಕ್ಷಣದಲ್ಲಿ ಹೊರಗೆ, ಸ್ಟೀರಿಂಗ್ ಹೇಳಿದ ಮಾತು ಕೇಳುವುದಿಲ್ಲ. ಇಂಥ ಟೈರುಗಳಲ್ಲಿ ಗಾಳಿ ಕಡಿಮೆಯಾದದ್ದು ಕಣ್ಣಿಗೆ ಗೊತ್ತಾಗುವುದೂ ಇಲ್ಲ, ಏಕೆಂದರೆ ಉಬ್ಬಲು ಸೈಡ್‌ವಾಲ್‌ನಲ್ಲಿ ಸಡಿಲವೇ ಇರುವುದಿಲ್ಲ.

ಕಂಪನಿಗಳು ಏನು ಮಾಡುತ್ತವೆ ಎಂದು ಒಮ್ಮೆ ನೋಡಿದರೆ ಸಾಕು. ಪೋರ್ಷೆ 992 ಕರೇರಾ ಎಸ್ ಮುಂದೆ 8.5ಜೆ ಮೇಲೆ 245, ಹಿಂದೆ 11.5ಜೆ ಮೇಲೆ 305. ಕಾರ್ವೆಟ್ ಸಿ7 ಝಡ್06 ಹಿಂದೆ 12ಜೆ ಮೇಲೆ 335. ಮಸ್ಟಾಂಗ್ ಜಿಟಿ350ಆರ್ ಮುಂದೆ 11ಜೆ ಮೇಲೆ 305. ರಿಮ್ ಅಗಲವನ್ನು 25.4ರಿಂದ ಗುಣಿಸಿ ಮಿಮೀಗೆ ತನ್ನಿ, ಟೈರಿನ ಅಂಕಿಯಿಂದ ಕಳೆಯಿರಿ. ಈ ನಾಲ್ಕರಲ್ಲೂ ಟೈರು 13ರಿಂದ 30 ಮಿಮೀ ದೊಡ್ಡದು. ನಮ್ಮ ಕೆಟ್ಟ ಉದಾಹರಣೆಯಲ್ಲಿ 22 ಮಿಮೀ ಚಿಕ್ಕದು. ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಅರ್ಧ ನಿಮಿಷದ ಕೆಲಸ ಇದು. ಕೊನೆಯ ಮಾತು ಮಾತ್ರ ಆಯಾ ಟೈರು ತಯಾರಕರ ಪಟ್ಟಿಯದು, ಅಲ್ಲಿ ‘ಒಪ್ಪಿದ ರಿಮ್ ಅಗಲ’ ಎಂಬ ಸಾಲು ಇರುತ್ತದೆ.

ಹಾಗಂತ ವಿರುದ್ಧ ದಿಕ್ಕಿಗೆ ಹೋಗಿ ಕಿರಿದಾದ ರಿಮ್‌ಗೆ ಅಗಲದ ಟೈರು ತುರುಕಿದರೂ ಲಾಭವಿಲ್ಲ. ಸೈಡ್‌ವಾಲ್ ಬಲೂನಿನ ಹಾಗೆ ಉಬ್ಬುತ್ತದೆ, ಟ್ರೆಡ್‌ನ ನಡುಭಾಗವೇ ಹೆಚ್ಚು ಸವೆಯುತ್ತದೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಗಳಿಗೆ ಯೋಚಿಸಿ ತಿರುಗುತ್ತದೆ.

ಈಗ ಹಿಂದಿನ ಟೈರಿಗೆ ಬರೋಣ. 285/35 ಆರ್18 ಮತ್ತು 10.5ಜೆ ರಿಮ್ ಜೋಡಿಯಲ್ಲಿ ತಪ್ಪೇ ಇಲ್ಲ, ಮಿತಿ 9.5ರಿಂದ 11. ಎತ್ತರವೂ (ಟೈರಿನ ಹೊರವ್ಯಾಸ) ಸರಿ: ಮೂಲ ಟೈರು 653 ಮಿಮೀ, ಇದು 657. ಕೆಟ್ಟದ್ದು ಆಫ್‌ಸೆಟ್‌ನಲ್ಲಿ. ಲೆಕ್ಕ ಹೀಗೆ: ಟೈರಿನ ನಿಜವಾದ ಅಗಲದ ಅರ್ಧದಿಂದ ಇಟಿ ಕಳೆದರೆ ಹಬ್‌ನಿಂದ (ಚಕ್ರ ಬೋಲ್ಟ್ ಆಗುವ ಭಾಗ) ಹೊರಕ್ಕೆ ಎಷ್ಟು ಚಾಚಿದೆ ಎಂದು ಸಿಗುತ್ತದೆ, ಕೂಡಿದರೆ ಒಳಕ್ಕೆ ಎಷ್ಟು ಎಂದು. ಮೂಲದಲ್ಲಿ 122.5ರಿಂದ 35 ಕಳೆದರೆ 87.5. ಹೊಸದರಲ್ಲಿ ಟೈರು 290 ಆಗಿ ಹಿಗ್ಗಿದೆ, 145ರಿಂದ 22 ಕಳೆದರೆ 123. ಅಂದರೆ 35 ಮಿಮೀಗೂ ಹೆಚ್ಚು ಹೊರಗೆ. ನಿಂತಾಗ ಫೆಂಡರಿಗೆ ಅಂಟಿಕೊಂಡಂತೆ ಚೆಂದ ಕಾಣುತ್ತದೆ, ಫೋಟೋ ತೆಗೆಯಲು ಲಾಯಕ್ಕು. ಇಬ್ಬರು ಹಿಂದೆ ಕೂತು ಒಂದು ಹಂಪ್ ಹಾರಿದರೆ ಫೆಂಡರಿನ ಒಳಕ್ಕೆ ಮಡಚಿದ ತಗಡಿನ ಅಂಚು ಟೈರಿನ ಭುಜವನ್ನು ಲೇತ್ ಹಾಗೆ ಕೊಯ್ಯುತ್ತದೆ.

ಇಲ್ಲಿ ಬಹಳ ಜನ 275/35ಕ್ಕೆ ಇಳಿದರೆ ಆಯಿತು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. 10.5ರ ಮೇಲೆ 275 ಹಿಗ್ಗಿ 285 ಆಗುತ್ತದೆ, ಆಗಲೂ 33 ಮಿಮೀ ಹೊರಗೇ. ಎರಡೂವರೆ ಮಿಲಿಮೀಟರ್ ಉಳಿಸಲು ಎರಡು ಟೈರು ಕೊಂಡಂತೆ. ಕ್ಯಾಂಬರ್ (ಚಕ್ರದ ವಾಲಿಕೆ) ಹೆಚ್ಚಿಸಿ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿಸುವುದೂ ಉಂಟು, ಆಮೇಲೆ ಒಳಭುಜ ಸವೆದು ಯಾರ ಕಣ್ಣಿಗೂ ಬೀಳದೆ ದಾರ ಬರುತ್ತದೆ. ಫೆಂಡರ್ ಅಗಲಿಸದೆ ಈ ಕಾರಿಗೆ ಆ ರಿಮ್ ಸಲ್ಲದು. 18 ಇಂಚಿನ 9.5ಜೆ, ಇಟಿ 38, ಅದರ ಮೇಲೆ 265/35 ಆಗಿದ್ದರೆ ಹೊರಕ್ಕೆ 7 ಮಿಮೀ, ಒಳಕ್ಕೆ 13 ಮಿಮೀ ಅಷ್ಟೇ. ಎತ್ತರ 643, ಮೂಲಕ್ಕಿಂತ ಶೇಕಡಾ 1.6 ಕಡಿಮೆ, ಸ್ಪೀಡೋಮೀಟರ್ ಚೂರು ಹೆಚ್ಚು ತೋರಿಸುತ್ತದೆ. ಆ 13 ಮಿಮೀ ಒಳಗೆ ಇದೆಯೇ ಎಂದು ನೋಡಿ ಆಮೇಲೆ ರಿಮ್ ಕೊಳ್ಳಬೇಕಿತ್ತು.

ನೋಡುವುದು ಹೇಗೆ? ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆ ಮೂಲೆಯ ಸ್ಪ್ರಿಂಗ್ ಬಿಚ್ಚಿ, ಚಕ್ರ ಹಾಕಿ, ಹಬ್ ಅಡಿಗೆ ಜ್ಯಾಕ್ ಕೊಟ್ಟು ಬಂಪ್ ಸ್ಟಾಪ್ (ಸಸ್ಪೆನ್ಷನ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್) ತಾಗುವವರೆಗೆ ಮೇಲೆತ್ತಿ. ಮಕ್ಕಳು ಆಡುವ ಮೆತ್ತನೆಯ ಬಣ್ಣದ ಜೇಡಿಯನ್ನು ನಿಂಬೆಕಾಯಿ ಗಾತ್ರ ಉಂಡೆ ಮಾಡಿ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಮೇಲೆ, ಫೆಂಡರ್ ಅಂಚಿನ ಒಳಗೆ, ಲೈನರ್ (ಚಕ್ರದ ಗೂಡಿನ ಒಳಹೊದಿಕೆ) ಮೇಲೆ ಅಂಟಿಸಿ. ಮುಂದಿನ ಚಕ್ರವಾದರೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಪೂರ್ತಿ ತಿರುಗಿಸಿ. ಇಳಿಸಿ ನೋಡಿದರೆ ಉಂಡೆ ಎಲ್ಲಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮಗಿರುವ ಜಾಗ. ಸ್ಟ್ರಟ್ ಕಡೆ 5–6 ಮಿಮೀ, ಫೆಂಡರ್ ಕಡೆ 8–10 ಮಿಮೀ ಉಳಿಯಲಿ, ಏಕೆಂದರೆ ಸಸ್ಪೆನ್ಷನ್‌ನ ರಬ್ಬರ್ ಬುಷ್‌ಗಳು ಬಾಗುತ್ತವೆ, ಟೈರೂ ಪಕ್ಕಕ್ಕೆ ವಾಲುತ್ತದೆ. ಒಂದೇ 265 ಎಂದು ಬರೆದಿದ್ದರೂ ಒಂದು ಬ್ರ್ಯಾಂಡ್‌ನದು ಇನ್ನೊಂದಕ್ಕಿಂತ ಅಗಲ ಇರುವುದು ಮಾಮೂಲು. ಟ್ರ್ಯಾಕ್ ಟೈರುಗಳ ಚೌಕಾಕಾರದ ಭುಜವಂತೂ ಮೊದಲು ತಾಗುತ್ತದೆ.

ಅಗಲ ಹೆಚ್ಚಿದರೆ ಹೊರುವ ಶಕ್ತಿಯೂ ಹೆಚ್ಚುತ್ತದೆ ಎಂಬ ನಂಬಿಕೆ ಇನ್ನೊಂದು ಬಲೆ. 245/40 ಆರ್18ರಲ್ಲಿ 97 ವೈ (97 ಭಾರದ ಸಂಕೇತ, ವೈ ವೇಗದ್ದು) ಎಂದಿದ್ದರೆ ಒಂದು ಟೈರು 730 ಕಿಲೋ ಹೊರುತ್ತದೆ. 275/35 ಆರ್18ರಲ್ಲಿ 95 ವೈ ತಂದರೆ 690 ಕಿಲೋ ಮಾತ್ರ. ನೋಡಲು ದಪ್ಪ, ಹೊರಲು ದುರ್ಬಲ. ಅದೇ ಅಳತೆಯಲ್ಲಿ 99 ಇರುವ ಎಕ್ಸ್‌ಎಲ್ (ಹೆಚ್ಚು ಭಾರಕ್ಕೆ ಬಲಪಡಿಸಿದ ಟೈರು) ಸಿಗುತ್ತದೆ, 775 ಕಿಲೋ. ಆದರೆ ಎಕ್ಸ್‌ಎಲ್‌ಗೆ ಅದೇ ಭಾರ ಹೊರಲು ಗಾಳಿ ಸ್ವಲ್ಪ ಹೆಚ್ಚು ಬೇಕು, ಹಳೆಯ ಪಿಎಸ್‌ಐ ಅಂಕಿ ಕುರುಡಾಗಿ ಹಾಕಬೇಡಿ.

ನಾಲ್ಕೂ ಚಕ್ರ ಎಳೆಯುವ ಕಾರಾದರೆ ಮುಂದಿನ ಹಿಂದಿನ ಎತ್ತರ ಹೊಂದಲೇಬೇಕು. ನಿಸ್ಸಾನ್ ಜಿಟಿ-ಆರ್ ಆರ್35ರಲ್ಲಿ ಮುಂದೆ 255/40 ಆರ್20, ಹಿಂದೆ 285/35 ಆರ್20: 712 ಮತ್ತು 707.5 ಮಿಮೀ. ಅಗಲ ಬೇರೆ, ಎತ್ತರ ಹೆಚ್ಚುಕಡಿಮೆ ಒಂದೇ. 19 ಇಂಚಿನಲ್ಲಿ 255/35ಕ್ಕೆ 295/30 ಜೊತೆಯಾಗುತ್ತದೆ. ಸಿಗಲಿಲ್ಲವೆಂದು 295/35 ಹಾಕಿದರೆ 28 ಮಿಮೀ ವ್ಯತ್ಯಾಸ. ನೆಟ್ಟನೆಯ ರಸ್ತೆಯಲ್ಲೂ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಕ್ಲಚ್ ಜಾರುತ್ತಲೇ ಇದ್ದು ಕಾದು ಸಾಯುತ್ತದೆ.

ಟೈರು ಕೂರಿಸುವಾಗ ಬೀಡ್ ಹತ್ತದಿದ್ದರೆ 40 ಪಿಎಸ್‌ಐ ಮೇಲೆ ಗಾಳಿ ತುಂಬಲು ಬಿಡಬೇಡಿ. ಗಾಳಿ ಇಳಿಸಿ, ಬೀಡ್‌ಗೆ ಮತ್ತೆ ಸೋಪ್ ಹಚ್ಚಿ ಪ್ರಯತ್ನಿಸಲಿ. ಸ್ಪ್ರೇ ಹೊಡೆದು ಬೆಂಕಿ ಹಚ್ಚಿ ‘ಢಂ’ ಎಂದು ಕೂರಿಸುವವರಿದ್ದಾರೆ. ಬೀಡ್ ಒಳಗಿನ ತಂತಿ ತುಂಡಾದರೆ ಟೈರು ಕೂಡಿಸುವವರ ಮುಖಕ್ಕೇ ಬರುತ್ತದೆ.

ಈಗಾಗಲೇ ಎಳೆದು ಕೂರಿಸಿದ ಟೈರಿನಲ್ಲಿ ಓಡಾಡುತ್ತಿದ್ದರೆ ಬದಲಿಸುವವರೆಗೆ ಪ್ರತಿ ಸಲ ಹೊರಡುವ ಮುನ್ನ ತಣ್ಣಗಿರುವಾಗ ಗೇಜ್ ಹಚ್ಚಿ ನೋಡಿ. ಒಮ್ಮೆ ಬೀಡ್ ಬಿಟ್ಟ ಟೈರನ್ನು ಬಿಚ್ಚಿ ಒಳಗೆ ಬೆರಳಾಡಿಸಿ. ಕಪ್ಪು ಪುಡಿ ಹತ್ತಿದರೆ ಸೈಡ್‌ವಾಲ್ ಒಳಗಿನಿಂದ ಅರೆದುಹೋಗಿದೆ ಎಂದರ್ಥ, ಅದಕ್ಕೆ ಪ್ಯಾಚ್ ಇಲ್ಲ. ರಿಮ್ ಅನ್ನು ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಬರಿದಾಗಿ ತಿರುಗಿಸಿ ಅಂಚು ಅಲುಗುತ್ತದೆಯೇ ನೋಡಿ, ಬಿರುಕು ಸಾಮಾನ್ಯವಾಗಿ ಒಳಮಗ್ಗುಲಿನ ಅಂಚಿನಲ್ಲಿ ಅಡಗಿರುತ್ತದೆ.