ಬೇವು ಲೇಪಿತ ಯೂರಿಯಾ: ಗೋಧಿಗೆ ಒಂದು ಚೀಲದ ಲೆಕ್ಕ

266 ರೂಪಾಯಿ 50 ಪೈಸೆಯ ಈ 45 ಕಿಲೋ ಚೀಲದಲ್ಲಿ ಸಾರಜನಕ ಶೇ. 46, ಅಂದರೆ 20.7 ಕಿಲೋ. ನೀರಾವರಿ ಗೋಧಿಗೆ ಎಕರೆಗೆ ಸುಮಾರು 40 ಕಿಲೋ ಸಾರಜನಕ ಬೇಕು; ಅರ್ಧ ಬಿತ್ತುವಾಗ, ಅರ್ಧ ಬೆಳೆ ಎದ್ದ ಮೇಲೆ ಕೊಡುವ ಮೇಲುಗೊಬ್ಬರ. ಹೀಗಾಗಿ ಮೇಲುಗೊಬ್ಬರಕ್ಕೆ ಎಕರೆಗೆ ಒಂದು ಚೀಲ, ತೂಗುವ ಗೋಜೇ ಇಲ್ಲ. 2018ಕ್ಕೆ ಮೊದಲಿದ್ದ 50 ಕಿಲೋ ಚೀಲಕ್ಕೆ ಈ ಅನುಕೂಲ ಇರಲಿಲ್ಲ.

ಬಿತ್ತುವಾಗ ಎಕರೆಗೆ 65 ಕಿಲೋ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್ ಗೊಬ್ಬರ) ಕೊಟ್ಟರೆ 30 ಕಿಲೋ ರಂಜಕದ ಜೊತೆ 12 ಕಿಲೋದಷ್ಟು ಸಾರಜನಕವೂ ಬರುತ್ತದೆ. ಬಿತ್ತುವಾಗಿನ 20 ಕಿಲೋದಲ್ಲಿ ಉಳಿದದ್ದಕ್ಕೆ 18 ಕಿಲೋ ಯೂರಿಯಾ ಸಾಕು. ಅದನ್ನು ಬೀಜದ ಜೊತೆ ಕೂರಿಗೆಯ ಒಂದೇ ಕೊಳವೆಯಲ್ಲಿ ಬಿಡಬೇಡಿ, ಅಮೋನಿಯಾಕ್ಕೆ ಮೊಳಕೆ ಸುಟ್ಟು ಸಾಲು ತೆಳ್ಳಗಾಗುತ್ತದೆ.

ಮೇಲುಗೊಬ್ಬರದ ಹೊತ್ತು ಬಿತ್ತಿದ 20ರಿಂದ 25ನೇ ದಿನ, ಮೊದಲ ನೀರಿನ ಜೊತೆ. ದಿನ ಎಣಿಸುವುದಕ್ಕಿಂತ ಒಂದು ಗಿಡ ಕಿತ್ತು ಮಣ್ಣು ಕೊಡವಿ ನೋಡುವುದು ಮೇಲು: ಬೀಜಕ್ಕಿಂತ ಮೇಲೆ, ನೆಲದ ಮಟ್ಟದಿಂದ ತುಸು ಕೆಳಗಿನ ಗಂಟಿನಲ್ಲಿ ಬೆಳ್ಳನೆಯ ದಪ್ಪ ಬೇರು ಇಣುಕಿದ್ದರೆ ಅದೇ ಸಮಯ. ತೆಂಡೆ (ಬುಡದ ಮರಿಕವಲು) ಒಡೆಯುವುದು ಇದರ ಬೆನ್ನಿಗೇ. ತೆನೆ ಇನ್ನೂ ಹೊಡೆಯಲ್ಲಿ (ಎಲೆಯ ಕವಚದೊಳಗೆ) ಇರುವಾಗ ಹಾಕಿದರೆ ಕಾಳಿನ ಪ್ರೋಟೀನ್ ಏರೀತು, ತೆಂಡೆ ಮಾತ್ರ ಹೆಚ್ಚಾಗದು. ಅತಿಯಾದರೆ ಬೆಳೆ ನೆಲಕ್ಕೆ ಒರಗುತ್ತದೆ, ತುಕ್ಕು ರೋಗಕ್ಕೂ ದಾರಿಯಾಗುತ್ತದೆ.

ಎರೆ ಭೂಮಿಯಲ್ಲಿ ಮೊದಲು ಎರಚಿ, ಕೂಡಲೇ ನೀರು ಹಾಯಿಸಿ. ಮರಳು ಮಿಶ್ರಿತ ನೆಲದಲ್ಲಿ ಮೊದಲು ನೀರು. ಕಾಲೂರುವಷ್ಟು ಹದ ಬಂದ ಮೇಲೆ ಗೊಬ್ಬರ. ಇಬ್ಬನಿ ಆರುವವರೆಗೆ ಚೀಲ ಬಿಚ್ಚಬೇಡಿ. ಒದ್ದೆ ಎಲೆಗೆ ಹರಳು ಅಂಟಿದರೆ ತುದಿ ಸುಡುತ್ತದೆ.

ಬೇವಿನ ಲೇಪವಿದ್ದರೆ ಸಾರಜನಕ ಪೋಲಾಗುವುದೇ ಇಲ್ಲ ಎಂದು ಅಂಗಡಿಗಳಲ್ಲಿ ಹೇಳುವುದು ಅರ್ಧ ನಿಜ. ಮಣ್ಣಿನಲ್ಲಿ ಅಮೋನಿಯಂ ರೂಪದ ಸಾರಜನಕ ನೈಟ್ರೇಟ್ ಆಗಿ ಬದಲಾಗುವುದನ್ನು ಅದು ನಿಧಾನಿಸುತ್ತದೆ, ಸಾರ ನೀರಿನೊಡನೆ ಬಸಿದುಹೋಗುವುದು ಕಡಿಮೆಯಾಗುತ್ತದೆ. ಗಾಳಿಗೆ ಹಾರುವ ಅಮೋನಿಯಾವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಸುಣ್ಣದಂಶ ಹೆಚ್ಚಿರುವ ಎರೆಯಲ್ಲಿ ಮೇಲೆ ಚೆಲ್ಲಿ ಬಿಸಿಲಿಗೆ ಬಿಟ್ಟರೆ ಲೇಪವಿದ್ದರೂ ನಷ್ಟವೇ.

ಗಂಧಕ ಲೇಪಿತ ಯೂರಿಯಾ ಗೋಲ್ಡ್ ಇದೇ ಬೆಲೆಗೆ 40 ಕಿಲೋ ಚೀಲ. ಸಾರಜನಕ ಶೇ. 37, ಗಂಧಕ ಶೇ. 17. ಗಂಧಕದ ಕೊರತೆಯಿರುವ ಹೊಲಕ್ಕೆ ಒಳ್ಳೆಯದೇ. ಆದರೆ ಚೀಲಕ್ಕೆ ಸಿಗುವ ಸಾರಜನಕ 14.8 ಕಿಲೋ, ಎಕರೆಗೆ ಒಂದೇ ಚೀಲ ಎರಚಿ ಕೈ ತೊಳೆದುಕೊಂಡರೆ 5 ಕಿಲೋ ಕಡಿಮೆ ಬೀಳುತ್ತದೆ.